ಭಾವನ ಮುಖಕ್ಕೆ ಮೂರು ಪೆಟ್ಟಿಗೆ

ನಮ್ಮ ಊರಿನಲ್ಲಿ ನೋಡಿದ್ದು ಸವೆಯುತ್ತದೆ. ಅದಕ್ಕೇ ಮಾತನಾಡುವಾಗ ಎದುರಿನವರ ಹೆಗಲ ಮೇಲೆ ಕಣ್ಣಿಡುವುದು ಇಲ್ಲಿನ ಮರ್ಯಾದೆ. ಸೀರೆ ಅಂಗಡಿಯಲ್ಲಿ ಸೆರಗನ್ನು ಮೊದಲು ಬೆರಳಿಗೆ ಕೊಡುತ್ತಾರೆ. ಬೆರಳು ಒಪ್ಪಿದ ಮೇಲೆ ಒಂದೇ ಒಂದು ಮಡಿಕೆ ಬಿಚ್ಚಿ ತೋರಿಸಿ ತಕ್ಷಣ ಮಡಿಸಿಬಿಡುತ್ತಾರೆ. ಹೆತ್ತವಳು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಗೋಡೆಯ ಕಡೆ ನೋಡುತ್ತಾಳೆ, ಅಂಗೈಯಲ್ಲಿ ಕೆನ್ನೆ ಸವರುತ್ತಾಳೆ. ಪಡುವಣದ ಗುಡ್ಡ ನಡುವೆ ತಗ್ಗಾಗಿದೆ. ನಮ್ಮ ಹಿರಿಯರು ಹೊತ್ತು ಮುಳುಗುವುದನ್ನು ಅಷ್ಟು ಆಸೆಪಟ್ಟು ನೋಡಿದ್ದರಂತೆ.

ಕೇಳಿದ್ದು ಮಾತ್ರ ಸವೆಯುವುದಿಲ್ಲ. ಎಷ್ಟು ಸಲ ಕೇಳಿದರೂ ಅಷ್ಟೇ ಇರುತ್ತದೆ, ಕೆಲವೊಮ್ಮೆ ಒಂದಿಷ್ಟು ಬೆಳೆದಿರುತ್ತದೆ. ಆದ್ದರಿಂದ ನಮ್ಮೂರಿಗೆ ದೇವರೆಂದರೆ ಊರ ನಡುವಿನ ಮಂಟಪದಲ್ಲಿ ದಿನಾ ಸಂಜೆ ಓದುವ ಕಾವ್ಯ. ಹೊಳೆ ದಾಟಿ ಹೋದ ಒಬ್ಬ ಅರಸನ ಕಥೆ. ಓದುವವರು ಒಬ್ಬರು, ಊರೆಲ್ಲ ಕೇಳುವವರು. ಅವರ ನಡುವೆ ಮರದ ಮಣೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂರುವವನು ಒಬ್ಬ ಇರುತ್ತಾನೆ. ಓದುವವರು ಒಂದಕ್ಷರ ತಪ್ಪಿದರೂ ಅವನು ಮಣೆ ತಟ್ಟಬೇಕು. ತಟ್ಟಿದರೆ ಆ ಪದ್ಯವನ್ನು ಮೊದಲಿನಿಂದ ಓದಬೇಕು. ನಮ್ಮಪ್ಪ ತಟ್ಟುತ್ತಿದ್ದರು. ಅವರ ನಂತರ ಆ ಮಣೆ ನನಗೆ ಬಂತು. ನಾನು ಹೆಚ್ಚು ಮಾತಾಡುವವನಲ್ಲ. ಕೇಳುವುದೇ ನನ್ನ ಪೂಜೆ.

ಓದುವವರು ನಮ್ಮ ಭಾವ ಮರಿದೇವಯ್ಯ, ನನ್ನ ಅಕ್ಕ ಚೆಲುವಾಜಿಯ ಗಂಡ. ಅಂಥ ಕಂಠ ಈ ಊರಿಗೆ ಹಿಂದೆ ಬಂದಿರಲಿಲ್ಲ ಎಂದು ಹಣ್ಣುಮುದುಕರೂ ಹೇಳುತ್ತಾರೆ. ಆ ಕಂಠವೇ ಅವರಿಗೆ ಕೇಡಾಯಿತು. ಅರಸ ಹೆಂಡತಿಯನ್ನು ಬಿಟ್ಟು ಹೊರಡುವ ಸಂಧಿ ಬಂತೆಂದರೆ ಜನಕ್ಕೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ. ಬಗ್ಗಿಸಿದ ತಲೆಗಳು ತಾವಾಗಿ ಎದ್ದು, ಕಣ್ಣುಗಳೆಲ್ಲ ಭಾವನ ಮುಖಕ್ಕೆ ಹೋಗಿ ಕೂರುತ್ತಿದ್ದವು. ಮೊದಲು ಎಡಹುಬ್ಬು ಹೋಯಿತು. ಆಮೇಲೆ ಕೆನ್ನೆಯ ಗೆರೆಗಳು. ಮೂಗು ಬಳಸಿದ ಸೋಪಿನ ಮೇಲಿನ ಅಕ್ಷರದ ಹಾಗೆ ತೆಳುವಾಯಿತು. ನೋವೇನೂ ಇರಲಿಲ್ಲ. ಉಣ್ಣುತ್ತಿದ್ದರು, ನಗುತ್ತಿದ್ದರು, ಓದುತ್ತಿದ್ದರು. "ಕ್ಷೌರದವನಿಗೆ ಕೆಲ್ಸ ಕಮ್ಮಿ ಆತು ಕಣಪ್ಪ" ಎಂದು ತಾವೇ ತಮಾಷೆ ಮಾಡುತ್ತಿದ್ದರು.

ಊರೆಲ್ಲ ಹೀಗೆ ನೋಡಿ ಸವೆಸಿದ ಮುಖವನ್ನು ಒಮ್ಮೆಯೂ ನೋಡದೆ ಇದ್ದವಳು ನಮ್ಮಕ್ಕ ಒಬ್ಬಳೇ. ಧಾರೆಯ ಹೊತ್ತಿನಲ್ಲಿ ಅಂತರಪಟ ಸರಿದಾಗ ಕಣ್ಣು ಕೆಳಗೆ ಹಾಕಿದವಳು ಮತ್ತೆ ಎತ್ತಲಿಲ್ಲ. ಗಂಡನ ಹೆಜ್ಜೆಯ ಸದ್ದು ಗೊತ್ತು, ನಶ್ಯದ ವಾಸನೆ ಗೊತ್ತು, ಕತ್ತಿನ ಹಿಂದಿನ ಗುಳಿ ಬೆರಳಿಗೆ ಗೊತ್ತು. ಮುಖ ಮಾತ್ರ ಗೊತ್ತಿಲ್ಲ. "ನೋಡಕ್ಕೇನವಸರ? ಎಲ್ಲಿ ಹೋಗ್ತಾರೆ ಇವ್ರು?" ಅನ್ನುತ್ತಿದ್ದಳು. ಒಳ್ಳೆಯ ಸೀರೆಯನ್ನು ಪೆಟ್ಟಿಗೆಯ ತಳದಲ್ಲಿಟ್ಟು ಹಬ್ಬಕ್ಕೆ, ಮುಂದಿನ ಹಬ್ಬಕ್ಕೆ, ಅದರಾಚೆಯ ಹಬ್ಬಕ್ಕೆ ಎಂದು ಕಾಯುವ ಹೆಂಗಸರಿದ್ದಾರಲ್ಲ, ಹಾಗೆ. ಅವಳು ಉಳಿಸುತ್ತ ಹೋದಳು, ಊರು ಖರ್ಚು ಮಾಡುತ್ತ ಹೋಯಿತು. ಕೊನೆಗೆ ಉಳಿದದ್ದು ಎರಡು ಕಣ್ಣು, ಹಣೆಯ ಒಂದಿಷ್ಟು ಭಾಗ, ಮತ್ತು ತುಟಿಯ ಎಡತುದಿಯಲ್ಲಿ ಸದಾ ಇರುತ್ತಿದ್ದ ಒಂದು ಸಣ್ಣ ನಗು. ಇನ್ನೊಂದು ಸಂಜೆ ಯಾರಾದರೂ ಕಣ್ತುಂಬ ನೋಡಿದರೆ ಅದೂ ಮುಗಿಯುತ್ತದೆ ಎಂದು ತಿಳಿದವರು ಹೇಳಿದರು.

ಆಗ ಮಂಟಪದ ಉಸ್ತುವಾರಿ ಗುರುಬಸವಣ್ಣ ಊರನ್ನು ಸೇರಿಸಿದರು. ಹೊರಗಿನ ಪಟ್ಟಣಗಳಲ್ಲಿ ಒಂದು ಸಲಕರಣೆ ಬಂದಿದೆಯಂತೆ. ಮುಖಕ್ಕೆ ಕಟ್ಟಿಕೊಂಡರೆ ಎದುರಿಗಿಲ್ಲದವರು ಎದುರಿಗೇ ಕೂತಂತೆ ಕಾಣುತ್ತಾರಂತೆ. ಅದರೊಳಗೆ ಕಾಣುವುದು ಬರೀ ಬೆಳಕು, ಎಷ್ಟು ನೋಡಿದರೂ ಸವೆಯುವುದಿಲ್ಲವಂತೆ. ಮರಿದೇವಯ್ಯನವರ ಮುಖ ಪೂರ್ತಿ ಹೋಗುವ ಮೊದಲು ಅದರಲ್ಲಿ ತುಂಬಿಸಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಭಾವ ಒಪ್ಪಿದರು. "ಊರು ಕೇಳ್ತಾ ಇದ್ದದ್ದಕ್ಕೇ ನಾನು ಓದಿದ್ದು. ಉಳಿದಿರೋ ಚೂರೂ ಊರಿಗೇ ಆಗ್ಲಿ" ಎಂದರು. ಅಕ್ಕ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಳು. ಒಂದು ಕಾಳು ಬೆರಳಿನಿಂದ ಚಿಮ್ಮಿ ದೂರ ಹೋಯಿತು. ಅವಳು ಅದನ್ನು ಹುಡುಕಲಿಲ್ಲ.

ಸಲಕರಣೆ ತಂದ ಹೆಂಗಸಿನ ಹೆಸರು ಮೇದಿನಿ. ಹೊರಗಿನವರು, ಬಂದವರೇ ಎಲ್ಲರ ಮುಖವನ್ನೂ ನೇರವಾಗಿ ನೋಡಿ ನಕ್ಕರು. ಊರಿಗೆ ಊರೇ ತಲೆ ತಗ್ಗಿಸಿತು. ವಿಷಯ ತಿಳಿದ ಮೇಲೆ ಪಾಪ, ಅವರೇ ನಾಚಿಕೊಂಡು, ಇದ್ದಷ್ಟು ದಿನವೂ ನಮ್ಮ ಹೆಗಲುಗಳ ಜೊತೆಯೇ ಮಾತಾಡಿದರು. ತಂದದ್ದು ಮೂರು ಬಗೆಯ ಪೆಟ್ಟಿಗೆ. ಯಾವುದು ನಮಗೆ ಹೊಂದುತ್ತದೋ ನೀವೇ ಹಾಕಿ ನೋಡಿ ಎಂದರು. ಹಾಕಿ ನೋಡುವುದು ಯಾರು? "ಮಣೆಯವ್ನೇ ಸರಿ. ನೋಡೋ ಚಟ ಇಲ್ಲ, ಮರುಳಾಗಲ್ಲ" ಎಂದರು ಗುರುಬಸವಣ್ಣ. ನಾನು ಮನಸ್ಸಿನಲ್ಲೇ ಕೈಮುಗಿದು ಎದ್ದೆ. ಅದುವರೆಗೆ ನೋಡುವ ಕೆಲಸಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ.

ಮೊದಲನೆಯದು ರಟ್ಟಿನ ಪೆಟ್ಟಿಗೆ. ಒಳಗೆ ಎರಡು ಗಾಜು, ಅದರ ಹಿಂದೆ ಒಂದು ಮೊಬೈಲ್ ತುರುಕಿದ್ದರು. ಹಗುರ. ಕಣ್ಣಿಗೆ ಒತ್ತಿಕೊಂಡೆ. ಯಾವುದೋ ಊರಿನ ಯಾವುದೋ ಹಾಡುಗಾರ ಚಾಪೆಯ ಮೇಲೆ ಕೂತಿದ್ದ. ಸೊಳ್ಳೆಪರದೆಯ ಆಚೆ ಕೂತವನನ್ನು ನೋಡಿದ ಹಾಗಿತ್ತು, ಚಿತ್ರವೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಒಡೆದಿತ್ತು. ತಲೆ ತಿರುಗಿಸಿದರೆ ಅವನ ಮನೆಯೂ ತಿರುಗುತ್ತಿತ್ತು, ಆದರೆ ನನ್ನ ಕತ್ತಿಗಿಂತ ಒಂದು ಉಸಿರು ತಡವಾಗಿ. ಹತ್ತಿರದಿಂದ ನೋಡೋಣವೆಂದು ಮುಂದಕ್ಕೆ ಬಾಗಿದೆ. ಹಾಡುಗಾರ, ಚಾಪೆ, ಗೋಡೆ ಎಲ್ಲವೂ ನಾನು ಬಾಗಿದಷ್ಟೇ ಹಿಂದೆ ಸರಿದವು. "ಈ ಪೆಟ್ಟಿಗೆಗೆ ನೀವು ಮುಖ ತಿರುಗಿಸಿದ್ದು ತಿಳಿಯುತ್ತೆ, ಹತ್ತಿರ ಹೋದದ್ದು ತಿಳಿಯಲ್ಲ" ಎಂದರು ಮೇದಿನಿ ನನ್ನ ಹೆಗಲಿಗೆ.

ಎರಡನೆಯದಕ್ಕೆ ಊರಿನವರು ಅಲ್ಲೇ ಬಾಲದ ಪೆಟ್ಟಿಗೆ ಎಂದು ಹೆಸರಿಟ್ಟರು. ಹಣೆಯ ಮೇಲೆ ಅರ್ಧ ತೆಂಗಿನಕಾಯಿ ಕಟ್ಟಿದಷ್ಟು ಭಾರ. ಅದರಿಂದ ಉದ್ದನೆಯ ವೈರು ಹೊರಟು, ಗಿರಣಿಯ ಹಾಗೆ ಗುಂಯ್‌ಗುಡುವ ದೊಡ್ಡ ಕಂಪ್ಯೂಟರಿಗೆ ಸೇರಿತ್ತು. ಮಂಟಪದ ಎದುರುಬದುರು ಮೂಲೆಗಳಲ್ಲಿ ಎರಡು ಕಂಬ ನಿಲ್ಲಿಸಿದರು. ಆ ಕಂಬಗಳು ಕಣ್ಣಿಗೆ ಕಾಣದ ಕಿರಣ ಬೀಸುತ್ತವೆ, ಆ ಕಿರಣ ತಾಗಿದ ಲೆಕ್ಕದಿಂದ ಪೆಟ್ಟಿಗೆ ತಾನೆಲ್ಲಿದ್ದೇನೆ ಎಂದು ತಿಳಿದುಕೊಳ್ಳುತ್ತದೆ. ಇದರಲ್ಲಿ ಹಾಡುಗಾರನ ಗಂಟಲಿನ ನರ ಕೂಡ ಕಂಡಿತು. ಬಾಗಿದರೆ ಹತ್ತಿರ ಬಂದ. ಎದ್ದು ಅವನ ಸುತ್ತ ನಡೆದೆ. ಕಿವಿಯ ಹಿಂದಿನ ಮಚ್ಚೆ ಕಂಡಿತು. ಪರರ ಕಿವಿಯ ಹಿಂದೆ ಇಣುಕುತ್ತಿದ್ದೇನಲ್ಲ ಎಂದು ಮೈ ಜುಮ್ಮೆಂದಿತು. ಅಷ್ಟರಲ್ಲಿ ಬಾಲ ಕಾಲಿಗೆ ಸುತ್ತಿಕೊಂಡು ಮುಗ್ಗರಿಸಿದೆ. ಹೂ ಮಾರುವ ಸಾಕಮ್ಮ ಜೋರಾಗಿ ನಕ್ಕಳು. "ಮಣೆಯಪ್ಪನ್ನ ಹಸ ಕಟ್ದಂಗೆ ಕಟ್ಟವ್ರಲ್ರಪ್ಪೋ! ಹುಲ್ಲು ತರ್ಲಾ?"

ಮೂರನೆಯದಕ್ಕೆ ಬಾಲವಿಲ್ಲ, ಕಂಬವಿಲ್ಲ, ಕಂಪ್ಯೂಟರೂ ಇಲ್ಲ. ಬುದ್ಧಿಯೆಲ್ಲ ಹಣೆಯ ಮೇಲೇ ಇದೆ. ಹಾಕಿಕೊಂಡು ಅಡುಗೆಮನೆಗೂ ಹೋಗಬಹುದು. ಗಂಟಲಿನ ನರ ಕಾಣುವಷ್ಟು ಚೊಕ್ಕವಲ್ಲ. ಒಂದು ಸಂಧಿ ಮುಗಿಯುವುದರೊಳಗೆ ಬ್ಯಾಟರಿ ಮುಗಿಯುತ್ತದೆ. ಆದರೂ ಬಾಗಬಹುದು, ನಡೆಯಬಹುದು. ಊರಿಗೆ ಇದೇ ಹಿಡಿಸಿತು. ಇನ್ನೇನು ಒಪ್ಪಬೇಕು ಎನ್ನುವಷ್ಟರಲ್ಲಿ ಗುರುಬಸವಣ್ಣ ಕೇಳಿದರು: "ಕಂಬ ಇಲ್ದೆ ಇದುಕ್ಕೆ ತಾನೆಲ್ಲಿದ್ದೀನಿ ಅಂತ ಹೆಂಗವ್ವ ಗೊತ್ತಾಗ್ತದೆ?"

"ಮುಂದೆ ನಾಲ್ಕು ಸಣ್ಣ ಕ್ಯಾಮೆರಾ ಇದೆಯಲ್ಲ. ಅವು ಸುತ್ತಲೂ ನೋಡ್ತಾ ಇರ್ತವೆ" ಎಂದರು ಮೇದಿನಿ.

ನೋಡ್ತಾ ಇರ್ತವೆ ಎಂಬ ಮಾತಿಗೆ ಮಂಟಪದಲ್ಲಿದ್ದವರೆಲ್ಲ ಒಂದು ಮೊಳ ಹಿಂದೆ ಸರಿದರು. ಸಾಕಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಮೇದಿನಿ ಗಾಬರಿಯಾದರು. "ಅಯ್ಯೋ, ಅದು ನಾವು ನೋಡೋ ಹಾಗೆ ನೋಡೋದಲ್ಲಮ್ಮ. ಬರೀ ಅಳೆಯೋದು."

"ನಮ್ಮೂರ್ ಗಂಡಸ್ರೂ ಅಂಗೇ ಅಂತಾರೆ ಕಣವ್ವ" ಎಂದಳು ಸಾಕಮ್ಮ ಸೆರಗಿನೊಳಗಿಂದ.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಪರೀಕ್ಷೆ ಇದೆ. ಬಾಳೆ ಎಲೆಯ ಮೇಲೆ ಕುಂಕುಮ ಕಲಸಿ ಬೊಟ್ಟಿಟ್ಟು, ಎದುರಿಗೆ ಆ ನಾಲ್ಕು ಕಣ್ಣಿನ ಪೆಟ್ಟಿಗೆಯನ್ನು ಇಟ್ಟರು. ನಾವೆಲ್ಲ ಬೆನ್ನು ತಿರುಗಿಸಿ ಕೂತೆವು, ಭಾವ ಒಂದು ಪದ್ಯ ಹೇಳಿದರು. ತಿರುಗಿದಾಗ ಬೊಟ್ಟು ತೊಳೆದ ದಾಸವಾಳದ ಹಾಗೆ ಬಿಳಿಚಿಕೊಂಡಿತ್ತು. ಒಂದೊಂದು ತಲೆಯ ಮೇಲೆ ನಾಲ್ಕು ನಾಲ್ಕು ಕಣ್ಣು ಹೊತ್ತು ಊರು ತಿರುಗಿದರೆ ಮಕ್ಕಳ ಮುಖ ಉಳಿಯುತ್ತದೆಯೇ? ಮೇದಿನಿ ಎಲೆಯನ್ನು ಕೈಗೆತ್ತಿಕೊಂಡು ಬೊಟ್ಟನ್ನು ಬೆರಳಿನಿಂದ ಸವರಿದರು. ಆಮೇಲೆ ಕಣ್ಣಿನ ಪೆಟ್ಟಿಗೆಯನ್ನು ತಾವೇ ತಮ್ಮ ಶಾಲಿನಲ್ಲಿ ಸುತ್ತಿ ಚೀಲದೊಳಗಿಟ್ಟರು.

ಉಳಿದದ್ದು ರಟ್ಟು, ಬಾಲ. ಇಲ್ಲೇ ಇದ್ದದ್ದು ತೊಡಕು. ಪೆಟ್ಟಿಗೆಯಲ್ಲಿ ಕಾಣುವುದು ಸವೆಯುವುದಿಲ್ಲ ನಿಜ. ಆದರೆ ತುಂಬಿಸಬೇಕಾದರೆ ಭಾವನ ಮುಖವನ್ನು ಒಮ್ಮೆ ಕ್ಯಾಮೆರಾ ನೋಡಲೇಬೇಕು. ರಟ್ಟಿನದಕ್ಕೆ ಒಂದು ಗುಂಡನೆಯ ಕ್ಯಾಮೆರಾ ಎದುರಿಗೆ ಸ್ವಲ್ಪ ಹೊತ್ತು ಇದ್ದರೆ ಸಾಕು. ಬಾಲದ ಪೆಟ್ಟಿಗೆಯಲ್ಲಿ ಸುತ್ತ ನಡೆದು ನೋಡಬೇಕೆಂದರೆ ಸುತ್ತಲೂ ಬಳೆಯ ಹಾಗೆ ಕ್ಯಾಮೆರಾಗಳನ್ನು ನಿಲ್ಲಿಸಬೇಕು, ಒಂದು ಸಂಧಿ ಪೂರ್ತಿ ಅವು ನೋಡಬೇಕು. "ಅಷ್ಟರಲ್ಲಿ ಇವರ ಮುಖದಲ್ಲಿ ಏನೂ ಉಳಿಯಲ್ಲ ಅನ್ಸುತ್ತೆ" ಎಂದು ಮೇದಿನಿ ಮುಚ್ಚಿಡದೆ ಹೇಳಿದರು. ಊರಿಗೆ ಬಾಲದ್ದೇ ಬೇಕೆನಿಸಿತು. ಸೊಳ್ಳೆಪರದೆಯ ಆಚೆಯ ಭಾವ ಯಾರಿಗೂ ಬೇಕಿರಲಿಲ್ಲ.

ಹೇಗೆ ಬರುತ್ತದೋ ನೋಡೋಣವೆಂದು ಮೊದಲು ಗುಂಡು ಕ್ಯಾಮೆರಾ ಇಟ್ಟು ಒಂದೇ ಒಂದು ಪದ್ಯ ಓದಿಸಿದರು. ಹೊಳೆಯ ಪದ್ಯ, ನಮ್ಮೂರಿನ ಕೂಸಿಗೂ ಬಾಯಿಗೆ ಬರುವಂಥದ್ದು:

ತಿರುಗಿ ನೋಡದೆ ನಡೆದನರಸನು
ತೊರೆಯ ದಡದಲಿ ಸತಿಯ ನಿಲ್ಲಿಸಿ
ಕರವ ಮುಗಿದಳು ಕೇಳಿ ಹೆಜ್ಜೆಯ ದನಿಯ ಕಿವಿತುಂಬ

ಆ ಪದ್ಯ ಮುಗಿಯುವಷ್ಟರಲ್ಲಿ ತುಟಿಯ ತುದಿಯ ನಗು ಹೋಯಿತು. ಎರಡು ಕಣ್ಣು ಮತ್ತು ಹಣೆ ಮಾತ್ರ ಉಳಿದವು.

"ಮೊದ್ಲು ಚೆಲುವಾಜಮ್ಮಂಗೆ ಕೊಡಿ, ನ್ಯಾಯ ಅದು" ಎಂದರು ಗುರುಬಸವಣ್ಣ. ಅಕ್ಕ ಬೇಡವೆನ್ನಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ದೇವರ ಪ್ರಸಾದ ಹಿಡಿಯುವ ಹಾಗೆ ಎರಡೂ ಅಂಗೈ ಚಾಚಿ ರಟ್ಟಿನ ಪೆಟ್ಟಿಗೆ ಹಿಡಿದಳು. ನಾನು ಪಕ್ಕದಲ್ಲಿ ಕೂತು ಅವಳ ಉಸಿರು ಕೇಳುತ್ತಿದ್ದೆ. ಇಷ್ಟು ಕಾಲ ಕೂಡಿಟ್ಟ ಉಸಿರು ಅದು. ಅದು ಒಮ್ಮೆ ನಿಂತಿತು. ಆಮೇಲೆ ಅವಳು, "ತಮ್ಮಯ್ಯ, ಇಬ್ರವ್ರೆ ಕಣೋ!" ಎಂದಳು.

"ಯಾರಕ್ಕ ಇಬ್ರು?"

"ನಿಮ್ ಭಾವ. ಜೋಡಿ ಕೂತವ್ರೆ. ಒಬ್ರನ್ನ ಸಂಬಾಳ್ಸಿ ಸಾಕಾಗೈತೆ, ಇವ್ರು ಬ್ಯಾರೆ ಯಾರು?"

ಮಂಟಪವೆಲ್ಲ ನಕ್ಕಿತು. ಗುರುಬಸವಣ್ಣ ಮಾತ್ರ ಕೈಮುಗಿದರು. ನೋಡದೆ ಕಾದವಳಿಗೆ ದೇವರು ಎರಡರಷ್ಟು ಕೊಟ್ಟ ಎಂದು ಅವರ ಕಣ್ಣಲ್ಲಿ ನೀರು ಬಂತು. ಒಂದಿಬ್ಬರು ಕಾಯಿ ಒಡೆಯಲೂ ಎದ್ದರು. ಮೇದಿನಿ ಓಡಿ ಬಂದು, "ಅಮ್ಮನ ಕಣ್ಣುಗಳು ಹತ್ತಿರ ಹತ್ತಿರ ಇವೆ. ಗಾಜಿನ ಅಂತರ ಹೊಂದಿಲ್ಲ, ಅಷ್ಟೆ" ಎಂದು ಪೆಟ್ಟಿಗೆಯ ಪಕ್ಕದ ಸಣ್ಣ ತಿರುಪು ತಿರುಗಿಸಿದರು. ಆ ಇಬ್ಬರು ಭಾವಂದಿರು ಮೆಲ್ಲಗೆ ಹತ್ತಿರ ಬಂದು ಒಬ್ಬರೊಳಗೊಬ್ಬರು ಸೇರಿಕೊಂಡರು ಎಂದು ಅಕ್ಕ ಆಮೇಲೆ ಹೇಳಿದಳು. ಆಗ ಅವಳ ಬಳೆ ಕೂಡ ಸದ್ದು ಮಾಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳು ಮುಂದಕ್ಕೆ ಬಾಗಿದಳು. ಇನ್ನೂ ಬಾಗಿದಳು. ಭಾವ ಅಷ್ಟಷ್ಟೇ ಹಿಂದೆ ಹೋಗುತ್ತಿದ್ದಿರಬೇಕು. ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು. ಏನನ್ನೋ ಹುಡುಕುತ್ತಿದ್ದಳು. ಪೆಟ್ಟಿಗೆ ಇಳಿಸಿದಾಗ ಕಣ್ಣಿನ ಸುತ್ತ ರಟ್ಟಿನ ಅಚ್ಚು ಮೂಡಿತ್ತು.

"ಇವ್ರು ನನ್ನ ನೋಡ್ತಾನೇ ಇಲ್ಲ" ಎಂದಳು.

"ಇದು ಸಾದಾ ಪೆಟ್ಟಿಗೆ ಅಮ್ಮ. ಬಾಲದ್ದರಲ್ಲಿ ನೀವು ಹತ್ತಿರ ಹೋಗಬಹುದು, ಸುತ್ತ ಹೋಗಬಹುದು."

"ಹೋದ್ರೆ ನನ್ನ ನೋಡ್ತಾರಾ?"

ಮೇದಿನಿ ಆಗ ಊರಿನ ಮರ್ಯಾದೆ ಮರೆತು ಅಕ್ಕನ ಮುಖವನ್ನೇ ನೋಡಿದರು. "ಇಲ್ಲಮ್ಮ. ಎಷ್ಟು ದೊಡ್ಡ ಪೆಟ್ಟಿಗೆ ತಂದರೂ ಅಷ್ಟೆ. ನೀವು ಎಲ್ಲಿದ್ದೀರಿ ಅಂತ ಪೆಟ್ಟಿಗೆಗೆ ಗೊತ್ತಾಗುತ್ತೆ. ಅವರಿಗೆ ಗೊತ್ತಾಗಲ್ಲ."

ಅಕ್ಕ ತಲೆಯಾಡಿಸಿ ಎದ್ದು ಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ. ದಾರಿಯಲ್ಲಿ ಅವಳು ಒಂದೇ ಮಾತಾಡಿದ್ದು: "ಉಳಿಸ್ತಾ ಇದ್ದೀನಿ ಅನ್ಕಂಡಿದ್ದೆ ಕಣೋ. ನಾನು ನೋಡ್ದೆ ಇದ್ರೆ ಅವ್ರಾದ್ರೂ ಹೆಂಗೆ ನನ್ನ ನೋಡ್ತಾರೆ? ಇಬ್ರ ನೋಟಾನೂ ಹಂಗೇ ಉಳ್ಕಂಡೋಯ್ತು." ನಾನು ಕೇಳುವವನು, ಕೇಳಿಸಿಕೊಂಡೆ.

ಕ್ಯಾಮೆರಾಗಳ ಬಳೆ ಸಿದ್ಧವಾದ ದಿನ ಊರೆಲ್ಲ ಹಗಲಿಗೇ ಮಂಟಪಕ್ಕೆ ಬಂತು. ನಡುವೆ ಭಾವ, ಸುತ್ತ ಕಾಲು ಊರಿ ನಿಂತ ಕ್ಯಾಮೆರಾಗಳು. ಅವುಗಳ ಗಾಜಿಗೆ ಇನ್ನೂ ಮುಚ್ಚಳವಿತ್ತು. ಅಕ್ಕ ಬಂದವಳು ಹೆಂಗಸರ ಸಾಲಿಗೆ ಹೋಗದೆ ನೇರವಾಗಿ ಬಳೆಯೊಳಗೆ ನಡೆದು ಭಾವನ ಎದುರಿಗೆ ಕೂತಳು. ತಲೆ ತಗ್ಗಿಯೇ ಇತ್ತು.

"ಅವ್ವಯ್ಯ, ಅಲ್ಲಿ ಕೂತ್ರೆ ಕ್ಯಾಮೆರಾಕ್ಕೆ ಅಡ್ಡ ಆಯ್ತದೆ" ಎಂದರು ಗುರುಬಸವಣ್ಣ.

"ಆಗ್ಲಿ ಅಂತ್ಲೇ ಕೂತಿದ್ದೀನಣ್ಣ. ಇವತ್ತು ನಾನು ನೋಡ್ತೀನಿ."

ಗುಸುಗುಸು ಎದ್ದಿತು. ಗುರುಬಸವಣ್ಣನವರ ದನಿ ನಡುಗಿತು. ಕೋಪವಲ್ಲ ಅದು, ಅಳು. "ತಾಯಿ, ನೀನು ನೋಡುದ್ರೆ ನಿನ್ನೊಬ್ಳಿಗೆ. ಇದ್ರಲ್ಲಿ ತುಂಬುದ್ರೆ ಹುಟ್ಟೋ ಮಕ್ಳಿಗೂ ಆಯ್ತದೆ. ಊರಿನ ಸ್ವತ್ತಲ್ವೇನವ್ವ ಅದು?"

"ಊರಿಗೆ ಕಿವಿ ಐತೆ. ಹುಟ್ಟೋ ಮಕ್ಳಿಗೂ ಇರ್ತದೆ. ನಂಗೆ ಇದೊಂದೇ ಉಳ್ದಿರೋದು. ಕೊಡಲ್ಲ ಅಂದ್ರೆ ಎದ್ದೋಯ್ತೀನಿ, ಜಗಳ ಆಡಲ್ಲ."

ಎಲ್ಲರೂ ಭಾವ ಏನು ಹೇಳುತ್ತಾರೆಂದು ಕಾದರು. ಊರಿಗೇ ಆಗಲಿ ಎಂದು ಮಾತು ಕೊಟ್ಟವರು ಅವರೇ. ಅವರು ಅಕ್ಕನ ಕಡೆ ಬಾಗಿ, "ಚೆಲುವಾಜಿ, ಏನೂ ಚೆನ್ನಾಗಿಲ್ಲ ಕಣೇ ಈಗ. ಮೊದ್ಲೇ ನೋಡಿದ್ರೆ ಮೂಗಾದ್ರೂ ಇತ್ತು" ಎಂದರು.

"ಮೂಗು ತಗಂಡು ಏನ್ ಮಾಡ್ಲಿ? ಕಣ್ಣೈತಲ್ಲ."

ಭಾವ ನಕ್ಕರು. ತುಟಿಯಲ್ಲಿ ನಗು ಇರಲಿಲ್ಲ, ದನಿಯಲ್ಲಿತ್ತು. "ಗುರುಬಸವಣ್ಣ, ಊರಿಗೆ ನಾನು ಹೇಳಿದ ಮಾತು ತಪ್ತಾ ಇದ್ದೀನಿ. ಇಷ್ಟು ದಿನ ನೀವು ನೋಡಿದ್ದಕ್ಕೆ ನಾನು ಏನೂ ಅಂದಿಲ್ಲ. ಇವತ್ತು ಎಲ್ಲಾರೂ ಬೆನ್ನು ತಿರುಗಿಸಿ ಕೂತ್ಕೊಳಿ. ಓದ್ತೀನಿ."

ಗುರುಬಸವಣ್ಣ ನಿಂತೇ ಇದ್ದರು. ಅವರ ಪಕ್ಕದಲ್ಲಿದ್ದ ಸಾಕಮ್ಮ, "ತಿರುಕ್ಕಳಪ್ಪ ಅತ್ಲಾಗೆ. ಅವ್ರವ್ರ ಗಂಡನ್ನ ಅವ್ರವ್ರು ನೋಡ್ಕತಾರೆ" ಎಂದು ತಾನೇ ಮೊದಲು ತಿರುಗಿದಳು. ಆಮೇಲೆ ಒಬ್ಬೊಬ್ಬರಾಗಿ ತಿರುಗಿದರು. ಕೊನೆಗೆ ಗುರುಬಸವಣ್ಣ ಕೂಡ ಶಲ್ಯ ಕೊಡವಿ ಕೂತರು. ಮೇದಿನಿ ಮುಚ್ಚಳ ತೆಗೆಯದ ಕ್ಯಾಮೆರಾಗಳನ್ನು ಒಂದೊಂದಾಗಿ ಹೊರಮುಖ ಮಾಡಿ ತಿರುಗಿಸಿಟ್ಟು, ನಮ್ಮ ನಡುವೆ ಬಂದು ನಮ್ಮ ಹಾಗೆಯೇ ಬೆನ್ನು ಮಾಡಿ ಕೂತರು. ನಾನು ಮಣೆಯನ್ನು ಮಡಿಲಿಗೆ ಎಳೆದುಕೊಂಡೆ. ಎದುರಿಗೆ ತಗ್ಗಾದ ಗುಡ್ಡ ಇತ್ತು, ಅದರ ಮೇಲೆ ಇಳಿಬಿಸಿಲು.

ಬೆನ್ನಿನ ಹಿಂದೆ ಮೊದಲು ಕೈಬಳೆಯ ಸದ್ದಾಯಿತು; ಅಕ್ಕ ಸೆರಗು ಹಿಂದಕ್ಕೆ ಸರಿಸಿದಳೆಂದು ತಿಳಿಯಿತು. ಆಮೇಲೆ ಏನೂ ಇಲ್ಲ. ನಾನು ಎಷ್ಟೋ ಮೌನಗಳನ್ನು ಕೇಳಿದ್ದೇನೆ: ಪದ್ಯಕ್ಕೂ ಪದ್ಯಕ್ಕೂ ನಡುವಿನ ಮೌನ, ಓದುವವರು ಸಾಲು ಮರೆತಾಗಿನ ಮೌನ, ಅಳು ನುಂಗಿದವರ ಮೌನ. ಇದು ಅವು ಯಾವುದೂ ಅಲ್ಲ. ಎರಡು ಉಸಿರು ಒಂದಕ್ಕೊಂದು ದಾರಿ ಬಿಡುತ್ತ ಒಂದೇ ಬಾಗಿಲಿನಲ್ಲಿ ಹೋಗಿ ಬರುತ್ತಿದ್ದ ಹಾಗಿತ್ತು. ಅಕ್ಕ, "ಓ" ಎಂದಳು, ಅಷ್ಟೆ. ಬಾವಿಯಲ್ಲಿ ಬಿಂದಿಗೆ ನೀರು ಮುಟ್ಟಿದಾಗ ಆಗುವಷ್ಟು ಸಣ್ಣ ಸದ್ದು.

ಗುಡ್ಡದ ತಗ್ಗಿಗೆ ಹೊತ್ತು ಇಳಿಯತೊಡಗಿತು. ನಾವು ಯಾರೂ ಅದನ್ನೂ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡೆವು. ಆಗ ಭಾವ ದನಿ ತೆಗೆದರು. ಹೊಳೆಯ ಪದ್ಯವನ್ನೇ ಎತ್ತಿಕೊಂಡರು. ನಮ್ಮಪ್ಪನ ಕಾಲದಿಂದ, ಅವರಪ್ಪನ ಕಾಲದಿಂದ, ಒಂದು ಅಕ್ಷರ ಆಚೀಚೆ ಆಗದ ಪದ್ಯ.

ತಿರುಗಿ ನೋಡುತ ನಿಂತನರಸನು

ನನಗೆ ತಾಗಿ ಕೂತವರ ಹೆಗಲುಗಳು ಬಿಗಿಯಾದವು. ಗುರುಬಸವಣ್ಣನವರ ಉಸಿರು ಅಲ್ಲೇ ನಿಂತಿತು. ಊರೆಲ್ಲ ನನ್ನ ಮಣೆಗೆ ಕಾಯುತ್ತಿತ್ತು. ಕೈ ಅಭ್ಯಾಸದಿಂದ ತಾನಾಗಿ ಮೇಲೆದ್ದಿತ್ತು. ಹಿಂದಿನಿಂದ ಎರಡನೆಯ ಸಾಲು ಬಂತು, ಹೆಂಡತಿಯನ್ನು ತೊರೆಯ ದಡದಲ್ಲಿ ನಿಲ್ಲಿಸಿದ್ದು. ಅದರಲ್ಲಿ ಏನೂ ತಪ್ಪಿರಲಿಲ್ಲ.

ಎತ್ತಿದ ಕೈಯನ್ನು ಮಣೆಯ ಮೇಲೆ ಸದ್ದಾಗದಂತೆ ಇಳಿಸಿ, ಅಲ್ಲೇ ಇಟ್ಟುಕೊಂಡು, ಮುಂದಿನ ಸಾಲನ್ನು ಕೇಳತೊಡಗಿದೆ.